ಕೀಲೆಣ್ಣೆ, ಕರಿ ಎಣ್ಣೆ

ನಾಗಪುರದ ವರ್ಧಾ ರಸ್ತೆಯಲ್ಲಿ ವಿಮಾನ ನಿಲ್ದಾಣ ದಾಟಿ ಖಾಪರಿ ಕಡೆಗೆ ಬಂದರೆ ಮಿಹಾನ್ ಶುರುವಾಗುತ್ತದೆ. ಎರೆಹೊಲಗಳಿದ್ದ ಜಾಗದಲ್ಲಿ ಈಗ ಅಗಲ ರಸ್ತೆ, ಉದ್ದ ಕಾಂಪೌಂಡು, ನಡುನಡುವೆ ಖಾಲಿ ಬಯಲು. ಒಂದು ಕಡೆ ಬೋಯಿಂಗ್ ಕಂಪನಿ ಕಟ್ಟಿಸಿಕೊಟ್ಟು 2015ರಲ್ಲಿ ಏರ್ ಇಂಡಿಯಾದ ಕೈಗೆ ಬಂದ ವಿಮಾನ ದುರಸ್ತಿ ಕೇಂದ್ರವಿದೆ. ಇನ್ನೊಂದು ಕಡೆ ಇನ್ಫೋಸಿಸ್, ಟಿಸಿಎಸ್, ಎಚ್‌ಸಿಎಲ್ ಇವೆ. ಈ ಕಂಪನಿಗಳ ಬೆನ್ನು ಹತ್ತಿ ಬಂದ ನಮ್ಮಂಥವರ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಕೆಎ ನಂಬರಿನ ಕಾರುಗಳೂ ಅಲ್ಲಲ್ಲಿ ಕಾಣುತ್ತವೆ.

ಭಾನುವಾರ ಬೆಳಿಗ್ಗೆ ಇಂಥ ನೆಲಮಾಳಿಗೆಗಳಲ್ಲಿ ಒಂದು ಹೊಸ ಹವ್ಯಾಸ ಕಣ್ಣಿಗೆ ಬೀಳುತ್ತಿದೆ. ಹಳೆ ಪ್ಯಾಂಟು ತೊಟ್ಟ ಸಾಫ್ಟ್‌ವೇರ್ ಹುಡುಗರು ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ, ಆನ್‌ಲೈನಿನಲ್ಲಿ ತರಿಸಿದ ಡಬ್ಬಿ, ಫಿಲ್ಟರು ಪಕ್ಕಕ್ಕಿಟ್ಟುಕೊಂಡು ತಮ್ಮ ಕಾರಿನ ಇಂಜಿನ್ ಆಯಿಲ್ ತಾವೇ ಬದಲಿಸುತ್ತಾರೆ. ಸರ್ವಿಸ್ ಸೆಂಟರಿನ ಬಿಲ್ಲು ಉಳಿಯಿತು ಎನ್ನುವ ಸಂತೋಷ ಒಂದಾದರೆ, ಕೈ ಮಸಿಯಾಯಿತು ಎನ್ನುವ ಸಂತೋಷ ಇನ್ನೊಂದು. ಎರಡನೆಯದೇ ದೊಡ್ಡದಿರಬೇಕು.

ಇದನ್ನು ಹೊಸತು ಎಂದೆ. ಆದರೆ ಗಾಡಿಗೆ ಮನೆಯಲ್ಲೇ ಎಣ್ಣೆ ಹಾಕುವುದು ನಮ್ಮಲ್ಲಿ ಬಹಳ ಹಳೆಯ ಕೆಲಸ. ಅದು ನಮ್ಮ ಕೈಬಿಟ್ಟು ಹೋಗಿದ್ದು ಹೇಗೆ, ಈಗ ಯಾವ ರೂಪದಲ್ಲಿ ಮರಳಿ ಬಂದಿದೆ ಎನ್ನುವುದಕ್ಕೆ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ಹೊಸ ಎಣ್ಣೆಯ ಕಡೆಯಿಂದ ನೋಡಿದರೆ ಅರ್ಧವಷ್ಟೇ ಸಿಗುತ್ತದೆ. ಉಳಿದರ್ಧಕ್ಕೆ ಹಳೆ ಎಣ್ಣೆ ಎಲ್ಲಿಗೆ ಹೋಯಿತು ಎಂದು ಕೇಳಬೇಕು.

ಕೀಲೆಣ್ಣೆ ಎಂಬ ಮಾತು ನಮ್ಮ ತಲೆಮಾರಿನ ಎಷ್ಟು ಜನರ ನೆನಪಿನಲ್ಲಿ ಉಳಿದಿದೆಯೋ. ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ ಎಣ್ಣೆ ಅದು. ಮರಾಠಿಯವರು ಇದಕ್ಕೆ ವಂಗಣ ಎನ್ನುತ್ತಾರೆ. ಹಳೆ ಮೈಸೂರಿನ ಕಡೆ ಹರಳೆಣ್ಣೆ, ಬಡಗಣ ಕರ್ನಾಟಕದಲ್ಲಿ ಔಡಲ ಎಣ್ಣೆ ಎನ್ನುವುದನ್ನು, ಹುಲ್ಲು ಸುಟ್ಟ ಮಸಿಯ ಜೊತೆ ಕಲಸಿದರೆ ಕೀಲೆಣ್ಣೆ ಸಿದ್ಧ. ಹರಳೆಣ್ಣೆ ಗಟ್ಟಿ. ಉಜ್ಜಾಟದ ಬಿಸಿಗೆ ಬೇಗ ತೆಳುವಾಗಿ ಹರಿದುಹೋಗುವುದಿಲ್ಲ. ಮಸಿ ಸೇರಿದರೆ ಇನ್ನಷ್ಟು ಅಂಟಿಕೊಳ್ಳುತ್ತದೆ. ಬಿದಿರ ಗೊಟ್ಟದಲ್ಲಿ ತುಂಬಿ ಗಾಡಿಗೆ ನೇತುಹಾಕಿದರೆ, ದಾರಿಯಲ್ಲಿ ಚಕ್ರ ಕಿರುಗುಟ್ಟಿದಾಗ ಇಳಿದು ಬಳಿದುಕೊಳ್ಳಬಹುದು. ಹರಳು ಬೆಳೆಯುವುದು ಹೊಲದ ಬದುವಿನಲ್ಲಿ, ಎಣ್ಣೆ ತೆಗೆಯುವುದು ಮನೆಯಲ್ಲಿ ಅಥವಾ ಊರಿನ ಗಾಣದಲ್ಲಿ, ಹಚ್ಚುವುದು ಗಾಡಿಯ ಯಜಮಾನ ಇಲ್ಲವೇ ಆಳು. ಹಳೆಯದು ಏನಾಯಿತು? ದಾರಿಯುದ್ದಕ್ಕೂ ಚೂರು ಚೂರು ಮಣ್ಣಿಗೆ ಬಿತ್ತು. ಮಣ್ಣಿನಿಂದ ಬಂದ ಎಣ್ಣೆ, ಮಣ್ಣಿನಲ್ಲಿ ಕೊಳೆತು ಹೋಯಿತು. ಯಾರೂ ಅದರ ಬಗ್ಗೆ ಯೋಚಿಸಬೇಕಾಗಿರಲಿಲ್ಲ.

ಇದೇ ಹರಳೆಣ್ಣೆ ಆಮೇಲೆ ರೈಲು ಹತ್ತಿತು. ಹತ್ತೊಂಬತ್ತನೆಯ ಶತಮಾನದ ಭಾರತದ ರೈಲ್ವೆಗಳಲ್ಲಿ ಯಂತ್ರದ ಕೀಲಿಗೂ ದೀಪಕ್ಕೂ ಹರಳೆಣ್ಣೆ ಬಳಕೆಯಲ್ಲಿತ್ತು. ಲಂಡನ್ನಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಕಂಪನಿ ತೆರೆದಾಗ ಮೊದಲು ಮಾರಿದ್ದು ರೈಲಿನ ಎಣ್ಣೆಗಳನ್ನೇ. ಮೋಟಾರು, ವಿಮಾನಗಳ ಕಾಲ ಬಂತು ಎಂದು ಗೊತ್ತಾದಾಗ ಆತ ಎಣ್ಣೆಗೆ ಹರಳೆಣ್ಣೆ ಸೇರಿಸಿ 1909ರಲ್ಲಿ ಹೊಸ ಹೆಸರು ಕೊಟ್ಟ. ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದಲೇ ಹುಟ್ಟಿದ ಆ ಹೆಸರು ಕ್ಯಾಸ್ಟ್ರಾಲ್. ಮರುವರ್ಷ, 1910ರಲ್ಲಿ, ಆ ಕಂಪನಿ ಭಾರತದಲ್ಲಿ ವ್ಯಾಪಾರ ಶುರುಮಾಡಿತು. ಇಲ್ಲಿಯ ಹೊಲದ ಬೀಜ ಅಲ್ಲಿಯ ಡಬ್ಬಿಯ ಹೆಸರಾಗಿ ಇಲ್ಲಿಗೇ ಮಾರಾಟಕ್ಕೆ ಬಂದ ಹಾಗಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಹರಳೆಣ್ಣೆ ಆಕಾಶಕ್ಕೂ ಏರಿತು. ಆಗಿನ ಎಷ್ಟೋ ಯುದ್ಧವಿಮಾನಗಳಲ್ಲಿ ಇಂಜಿನ್ನೇ ತಿರುಗುತ್ತಿತ್ತು. ಅದರೊಳಗೆ ಪೆಟ್ರೋಲೂ ಎಣ್ಣೆಯೂ ಒಂದೇ ಜಾಗದಲ್ಲಿ ಹಾಯಬೇಕಿತ್ತು. ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗದ ಹರಳೆಣ್ಣೆಯೇ ಅದಕ್ಕೆ ಸರಿ. ಕೆಲಸ ಮುಗಿಸಿದ ಎಣ್ಣೆ ಹೊಗೆಯ ಜೊತೆ ಹೊರಕ್ಕೆ ಚಿಮ್ಮಿ ಪೈಲಟ್ಟಿನ ಮುಖಕ್ಕೆ ಬಡಿಯುತ್ತಿತ್ತು. ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆಯ ಗುಣ ಬಲ್ಲವರಿಗೆ ಆ ಪೈಲಟ್ಟುಗಳ ಹೊಟ್ಟೆಯ ಪಾಡನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲೊಂದು ಸಂಗತಿ ಗಮನಿಸಬೇಕು. ಗಾಡಿಯಲ್ಲೂ, ಆ ವಿಮಾನದಲ್ಲೂ, ಮೊದಮೊದಲ ಎಷ್ಟೋ ಕಾರುಗಳಲ್ಲೂ ಎಣ್ಣೆ ಹಾಕುವುದು ಇತ್ತು, ಎಣ್ಣೆ ಬದಲಿಸುವುದು ಇರಲಿಲ್ಲ. ಹಾಕಿದ್ದು ಹಾಕಿದ ಹಾಗೇ ಖರ್ಚಾಗಿ ಹೋಗುತ್ತಿತ್ತು. ಬದಲಿಸುವ ಮಾತು ಬಂದದ್ದು ಇಂಜಿನ್ನಿನ ತಳಕ್ಕೆ ತೊಟ್ಟಿ ಬಂದು, ಅದೇ ಎಣ್ಣೆ ಮತ್ತೆ ಮತ್ತೆ ಸುತ್ತತೊಡಗಿದ ಮೇಲೆ. ಬೆಂಗಳೂರಿನವರಿಗೆ ಸಂಪ್ ಎಂದರೆ ಕಾವೇರಿ ನೀರು ತುಂಬಿಸುವ ತೊಟ್ಟಿ. ಮೆಕ್ಯಾನಿಕ್ಕುಗಳಿಗೆ ಸಂಪ್ ಎಂದರೆ ಈ ಎಣ್ಣೆ ತೊಟ್ಟಿ.

ಅಷ್ಟರಲ್ಲಿ ಎಣ್ಣೆಯೂ ಬದಲಾಗಿತ್ತು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಕೊರೆದ ಬಾವಿಯ ನಂತರ ನೆಲದಾಳದ ಎಣ್ಣೆ ಅಗ್ಗವಾಗಿ ಸಿಗತೊಡಗಿತು. ನಮ್ಮ ಅಸ್ಸಾಮಿನ ಡಿಗ್‌ಬಾಯ್ ಸಂಸ್ಕರಣಾಗಾರ 1901ರಲ್ಲಿ ಆರಂಭವಾಯಿತು. 1911ರಲ್ಲಿ ಅಮೆರಿಕದ ಮೋಟಾರು ಇಂಜಿನಿಯರುಗಳ ಸಂಘ ಎಣ್ಣೆಯ ಗಟ್ಟಿತನವನ್ನು ಅಂಕಿಗಳಲ್ಲಿ ಗುರುತಿಸಿತು. ಡಬ್ಬಿಯ ಮೇಲಿನ 30, 40 ಎಂಬ ಅಂಕಿಗಳ ಮೂಲ ಅಲ್ಲಿದೆ. 1923ರಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಣ್ಣೆ ಸೋಸುವ ಫಿಲ್ಟರನ್ನು ಕಾರಿಗೆ ತಂದ. ಆಮೇಲೆ ಬಂದ ರಾಸಾಯನಿಕಗಳು ಇಂಜಿನ್ನಿನೊಳಗೆ ಕಟ್ಟಿಕೊಳ್ಳುವ ಮಸಿಯನ್ನು ಬಿಡಿಸಿ ಎಣ್ಣೆಯಲ್ಲೇ ತೇಲಿಸಿಡತೊಡಗಿದವು. ಎಣ್ಣೆ ಕಪ್ಪಾಯಿತು ಎಂದರೆ ಕೆಟ್ಟಿತು ಎಂದೇ ಅಲ್ಲ, ಕೊಳೆಯನ್ನು ತನ್ನ ಮೈಮೇಲೆ ಹೊತ್ತುಕೊಂಡಿದೆ ಎಂದೂ ಅರ್ಥ. ಹಾಗೆ ಹೊತ್ತ ಕರಿ ಎಣ್ಣೆಯನ್ನು ಒಂದು ದಿನ ಇಳಿಸಲೇಬೇಕು. ಇಳಿಸಿದ್ದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಹುಟ್ಟಿದ್ದು ಹಾಗೆ.

ನಮ್ಮಲ್ಲಿ ಕಾರು ಬೆಳೆದ ರೀತಿಯೇ ಬೇರೆ. 1930ರ ದಶಕದ ನಡುವಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಪರದೇಶಗಳ ಕಾರು ಕಾರ್ಖಾನೆಗಳನ್ನು ನೋಡಿಬಂದು, ಇಲ್ಲೂ ಒಂದು ಆಗಬೇಕೆಂದು ಯೋಜನೆ ಬರೆದರು. ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು, ಮೈಸೂರು ಸಂಸ್ಥಾನವೂ ಒಲವು ತೋರಿತ್ತು. ಆದರೆ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಈಗಿನ ಎಚ್‌ಎಎಲ್. ಕಾರು ಕಾರ್ಖಾನೆ ಮಾತ್ರ 1944ರಲ್ಲಿ ಮುಂಬಯಿಯಲ್ಲಿ ಆಯಿತು. ಅದು ಪ್ರೀಮಿಯರ್ ಆಟೊಮೊಬೈಲ್ಸ್, ನಮ್ಮ ಫಿಯೆಟ್, ಪದ್ಮಿನಿಗಳ ತವರು.

ಫಿಯೆಟ್, ಅಂಬಾಸಿಡರ್ ಕಾಲದಲ್ಲಿ ಎಣ್ಣೆ ಬದಲಿಸುವುದು ಮನೆಯ ಕೆಲಸವಾಗಿಯೇ ಇತ್ತು, ಆದರೆ ಯಜಮಾನನ ಕೆಲಸವಾಗಿರಲಿಲ್ಲ. ಕಾರುಳ್ಳವರ ಮನೆಯಲ್ಲಿ ಡ್ರೈವರ್ ಇರುತ್ತಿದ್ದ, ಲಾರಿಯಲ್ಲಿ ಕ್ಲೀನರ್ ಇರುತ್ತಿದ್ದ. ಗಾಡಿಯ ಅಡಿ ತೂರಿ, ಬಿಸಿ ಎಣ್ಣೆ ಕೈಮೇಲೆ ಸುರಿಸಿಕೊಂಡು, ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಳ್ಳುತ್ತಿದ್ದವರು ಅವರು. ಬಳಸಿದ ಎಣ್ಣೆ ಪದೇ ಪದೇ ಚರ್ಮಕ್ಕೆ ತಾಗಿದರೆ ಕ್ಯಾನ್ಸರಿನ ಅಪಾಯವಿದೆ ಎಂದು ಈಗ ಡಬ್ಬಿಗಳ ಮೇಲೇ ಎಚ್ಚರಿಕೆ ಇರುತ್ತದೆ. ಹನ್ನೆರಡನೆಯ ವಯಸ್ಸಿಗೆ ಗ್ಯಾರೇಜು ಸೇರಿದ ಹುಡುಗರಿಗೆ ಅದನ್ನು ಹೇಳಿದವರಿಲ್ಲ. 2000ದ ಆರಂಭದಲ್ಲಿ ಸೀಸದ ಪೆಟ್ರೋಲು ದೇಶದಲ್ಲಿ ನಿಲ್ಲುವವರೆಗೆ ಆ ಎಣ್ಣೆಯಲ್ಲಿ ಸೀಸವೂ ಸೇರಿರುತ್ತಿತ್ತು.

ಇಳಿಸಿದ ಕರಿ ಎಣ್ಣೆ ವ್ಯರ್ಥವೆಂದು ಯಾರೂ ಎಸೆಯಲಿಲ್ಲ. ಬಡತನಕ್ಕೆ ಎಸೆಯಲು ಬರುವುದಿಲ್ಲ. ಗೆದ್ದಲು ಹತ್ತದಂತೆ ತೊಲೆಗೆ, ಬೇಲಿಗೂಟಕ್ಕೆ ಬಳಿದರು. ಮನೆ ಕಟ್ಟುವಾಗ ಕಾಂಕ್ರೀಟು ಅಂಟದಂತೆ ಸೆಂಟ್ರಿಂಗ್ ಹಲಗೆಗೆ ಹಚ್ಚಿದರು. ಕುಲುಮೆಗಳಲ್ಲಿ ಉರಿಸಿದರು. ಕೀಲೆಣ್ಣೆಯ ಕಾಲದ ಬುದ್ಧಿ ಇದು: ಇದ್ದದ್ದನ್ನು ಪೂರ್ತಿ ಬಳಸು, ಉಳಿದದ್ದನ್ನು ಮಣ್ಣು ನೋಡಿಕೊಳ್ಳುತ್ತದೆ. ಬುದ್ಧಿ ಹಳೆಯದೇ ಉಳಿಯಿತು, ಎಣ್ಣೆ ಮಾತ್ರ ಹಳೆಯದಾಗಿರಲಿಲ್ಲ. ನೆಲದಾಳದ ಎಣ್ಣೆಯನ್ನು ಮಣ್ಣು ಹರಳೆಣ್ಣೆಯಷ್ಟು ಸುಲಭವಾಗಿ ಅರಗಿಸಿಕೊಳ್ಳಲಾರದು. ಸವೆದ ಲೋಹದ ಪುಡಿ ಸೇರಿದ ಮೇಲಂತೂ ಕೇಳುವುದೇ ಬೇಡ. ಕಾರಿನಿಂದ ಒಂದು ಸಲ ಇಳಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಇಲಾಖೆ ತನ್ನ ಜನರಿಗೆ ಹೇಳುತ್ತಾ ಬಂದಿದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಡ್ರೈವರಿಲ್ಲದ ಮಧ್ಯಮ ವರ್ಗದವರು ಕಾರು ಕೊಂಡರು. ಜೊತೆಗೆ ಕಂಪನಿಯ ಸರ್ವಿಸ್ ಸೆಂಟರೂ, ಉಚಿತ ಸರ್ವಿಸಿನ ಕೂಪನ್ನೂ, ವಾರಂಟಿಯ ಭಯವೂ ಬಂದವು. ಬಾನೆಟ್ ಎತ್ತುವುದೇ ಅಪರಾಧವೆನ್ನುವಂತಾಯಿತು. ಈಗ ಹಲವು ಕಾರುಗಳಿಗೆ 10,000 ಕಿಲೋಮೀಟರಿಗೋ ವರ್ಷಕ್ಕೋ ಒಮ್ಮೆ ಎಣ್ಣೆ ಬದಲಿಸಿದರೆ ಸಾಕು. ನಾವು ಕೀಲಿ ಕೊಟ್ಟು ಕಾಫಿ ಕುಡಿಯುತ್ತಾ ಕೂತರೆ, ಗಾಜಿನ ಆಚೆ ಯಾರೋ ಕೆಲಸ ಮುಗಿಸುತ್ತಾರೆ. ಹಳೆ ಎಣ್ಣೆ ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಮಿಹಾನಿನ ಹುಡುಗರು ಆ ಗಾಜನ್ನು ದಾಟಿ ಬಂದವರು. ಅದು ಒಳ್ಳೆಯದೇ. ಕೆಲಸವೇನೂ ಕಷ್ಟದ್ದಲ್ಲ, ಎಚ್ಚರ ಬೇಕಷ್ಟೆ. ಇಂಜಿನ್ ಐದು ನಿಮಿಷ ಓಡಿಸಿ ಎಣ್ಣೆ ಬೆಚ್ಚಗಾದರೆ ಸಲೀಸಾಗಿ ಇಳಿಯುತ್ತದೆ. ಬರೀ ಜಾಕ್ ನಂಬಿ ಕಾರಿನಡಿ ಹೋಗಬಾರದು, ಸ್ಟ್ಯಾಂಡು ಕೊಡಲೇಬೇಕು. ತಳದ ಬೋಲ್ಟ್ ಬಿಚ್ಚಿ ಪೂರ್ತಿ ಇಳಿಸಿ, ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿಯಬೇಕು. ಹೊಸ ಫಿಲ್ಟರಿನ ರಬ್ಬರಿಗೆ ಒಂದು ಬೆರಳು ಎಣ್ಣೆ ಸವರಿ ಕೈಯಲ್ಲೇ ತಿರುಗಿಸಿ ಕೂರಿಸಬೇಕು. ಸಣ್ಣ ಕಾರಿಗೆ ಹಿಡಿಯುವುದು ಮೂರ್ನಾಲ್ಕು ಲೀಟರು. ಮೇ ತಿಂಗಳಲ್ಲಿ ನಾಗಪುರದ ಬಿಸಿಲು 45 ಡಿಗ್ರಿ ದಾಟುತ್ತದೆಂದು ಗಟ್ಟಿ ಎಣ್ಣೆ ಸುರಿಯುವವರಿದ್ದಾರೆ. ಬೇಕಿಲ್ಲ, ಕಾರಿನ ಪುಸ್ತಕ ಹೇಳಿದ ನಂಬರೇ ಸರಿ. ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವೆ ಎಣ್ಣೆ ನಿಂತರೆ ಕೆಲಸ ಮುಗಿದಂತೆ.

ವಿಡಿಯೋಗಳೂ ಅಲ್ಲಿಗೇ ಮುಗಿಯುತ್ತವೆ. ಪಕ್ಕದಲ್ಲಿ ಉಳಿದ ಕರಿ ಎಣ್ಣೆಯ ಬಾಣಲೆ ಚೌಕಟ್ಟಿನಿಂದ ಆಚೆ ಇರುತ್ತದೆ. ಕಾನೂನು ಮಾತ್ರ ಅದನ್ನು ಮರೆತಿಲ್ಲ. 1989ರಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮಗಳು ಬಂದವು. ಈಗ ಜಾರಿಯಲ್ಲಿರುವ 2016ರ ನಿಯಮಗಳ ಪಟ್ಟಿಯಲ್ಲಿ ಬಳಸಿದ ಎಣ್ಣೆಯ ಹೆಸರೇ ಇದೆ. 2024ರ ಏಪ್ರಿಲ್ 1ರಿಂದ ಎಣ್ಣೆ ಮಾರುವ ಕಂಪನಿಗಳೇ ಬಳಸಿದ ಎಣ್ಣೆಯ ಮರುಸಂಸ್ಕರಣೆಯ ಹೊಣೆ ಹೊರಬೇಕು ಎಂದಾಗಿದೆ. ಇಂಜಿನ್ನಿನಲ್ಲಿ ಮೂಲ ಎಣ್ಣೆ ಅಷ್ಟಾಗಿ ಸವೆಯುವುದಿಲ್ಲ, ಕೊಳೆಯಾಗುತ್ತದೆ. ಸರಿಯಾಗಿ ಶುದ್ಧಮಾಡಿದರೆ ಮತ್ತೆ ಎಣ್ಣೆಯೇ ಆಗುತ್ತದೆ. ಆದರೆ ಅದು ಶುದ್ಧಮಾಡುವವರ ಕೈ ಸೇರಬೇಕು. ನೆಲಮಾಳಿಗೆಯ ಚರಂಡಿಗೆ ಬಿದ್ದರೆ ಮೊದಲು ಇಲ್ಲಿಯ ಹಳ್ಳ ಸೇರುತ್ತದೆ, ಕೊನೆಗೆ ಗೋದಾವರಿ ಸೇರುತ್ತದೆ. ಈ ಸೀಮೆಯ ನೀರೆಲ್ಲ ಹರಿಯುವುದು ಆ ಕಡೆಗೇ.

ಹತ್ತಿರದ ವಿಮಾನ ಕೇಂದ್ರದಿಂದ ಕಲಿಯಬಹುದಾದದ್ದೂ ಇದೆ. ಜೆಟ್ ಇಂಜಿನ್ನಿಗೆ ಸಾಮಾನ್ಯವಾಗಿ ಕಾರಿನ ಹಾಗೆ ಇಷ್ಟು ದಿನಕ್ಕೊಮ್ಮೆ ಎಣ್ಣೆ ಬದಲಿಸುವುದಿಲ್ಲ. ಖರ್ಚಾದಷ್ಟು ತುಂಬುತ್ತಾರೆ, ತುಂಬಿದ್ದನ್ನೆಲ್ಲ ಬರೆದಿಡುತ್ತಾರೆ. ಎಷ್ಟು ಹೋಯಿತು ಎಂಬ ಲೆಕ್ಕದಿಂದಲೇ ಇಂಜಿನ್ನಿನ ಆರೋಗ್ಯ ತಿಳಿಯುತ್ತದೆ. ಇನ್ನೊಂದು ವಿಶೇಷವೆಂದರೆ, ಎರಡನೆಯ ಮಹಾಯುದ್ಧದ ನಂತರ ಜೆಟ್‌ಗಳಿಗೆಂದು ತಯಾರಿಸಿದ ಮೊದಲ ಕೃತಕ ಎಣ್ಣೆಗಳಿಗೆ ಸೆಬಾಸಿಕ್ ಆಮ್ಲ ಬೇಕಾಗಿತ್ತು. ಅದನ್ನು ತೆಗೆಯುವುದು ಹರಳೆಣ್ಣೆಯಿಂದ. ಹೀಗೆ ಕೀಲೆಣ್ಣೆ ವೇಷ ಬದಲಿಸಿ ಎರಡನೆಯ ಸಲ ಆಕಾಶಕ್ಕೆ ಹೋಯಿತು.

ಆಯುಧಪೂಜೆಯ ದಿನ ಕಾರು ತೊಳೆದು, ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡುವುದನ್ನು ನಾವು ಇಲ್ಲಿಗೆ ಬಂದಮೇಲೂ ಬಿಟ್ಟಿಲ್ಲ. ಅದರ ಜೊತೆಗೆ ಇನ್ನೊಂದು ಸಣ್ಣ ಕೆಲಸ ಸೇರಿಸಿಕೊಳ್ಳಬಹುದು. ಹೊಸ ಎಣ್ಣೆ ಬಂದ ಡಬ್ಬಿಯಲ್ಲೇ ಹಳೆಯದನ್ನು ನೀರು ಸೇರದಂತೆ ತುಂಬಿ, ಮುಚ್ಚಳ ಬಿಗಿದು, ನೋಂದಾಯಿತ ಮರುಸಂಸ್ಕರಣೆಯವರಿಗೆ ಎಣ್ಣೆ ಕೊಡುವ ಗ್ಯಾರೇಜಿಗೆ ಮುಟ್ಟಿಸುವುದು. ಒಬ್ಬೊಬ್ಬರೇ ಹೋಗುವುದು ತೊಂದರೆಯಾದರೆ, ಅಪಾರ್ಟ್‌ಮೆಂಟಿಗೊಂದು ಡ್ರಮ್ ಇಟ್ಟು ತುಂಬಿದಾಗ ಕಳಿಸುವುದು. ಕೈ ಮಸಿಮಾಡಿಕೊಂಡವರಿಗೆ ಅದೇನೂ ಭಾರವಲ್ಲ. ಹಳೆ ಎಣ್ಣೆಯನ್ನು ಮಣ್ಣೇ ನೋಡಿಕೊಳ್ಳುತ್ತಿದ್ದ ಕಾಲ ಎತ್ತಿನ ಗಾಡಿಯ ಜೊತೆಗೇ ಮುಗಿಯಿತು. ಈಗ ನಾವೇ ನೋಡಿಕೊಳ್ಳಬೇಕು.