ಉಪ್ಪುಕಂಡ, ಸಲಾಮಿ, ಚರಕನ ಒಂದು ಮಾತು

ಪುಣೆಯಲ್ಲೋ ಹೈದರಾಬಾದಲ್ಲೋ ಫ್ಲಾಟ್ ಮಾಡ್ಕೊಂಡಿರೋ ನಮ್ಮ ಹುಡುಗರ ಫ್ರಿಜ್ ತೆಗೆದು ನೋಡಿ. ಮೊಟ್ಟೆ, ಮೊಸರು, ಪಕ್ಕದಲ್ಲೇ ಒಂದು ಪ್ಯಾಕೆಟ್ ಸಾಸೇಜೋ ಸಲಾಮಿಯೋ. ರಾತ್ರಿ ಹತ್ತೂವರೆಗೆ ಕಾಲ್ ಮುಗಿಸಿದವರಿಗೆ ಐದು ನಿಮಿಷದ ಊಟ. ಊರಿಗೆ ಹೋದಾಗ ಯಾರಾದ್ರೂ ಹೇಳೇ ಹೇಳ್ತಾರೆ, "ಆಯುರ್ವೇದದಲ್ಲಿ ಮಾಂಸಾನೇ ನಿಷಿದ್ಧ ಕಣಪ್ಪಾ" ಅಂತ.

ಹಾಗೇನಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 27ನೇ ಅಧ್ಯಾಯದಲ್ಲಿ ಮಾಂಸಕ್ಕೇ ಒಂದು ವರ್ಗ ಇದೆ. ಪ್ರಾಣಿ ಎಲ್ಲಿರುತ್ತೆ, ಹೇಗೆ ತಿನ್ನುತ್ತೆ ಅಂತ ನೋಡಿ ಎಂಟು ಗುಂಪು ಮಾಡಿದ್ದಾರೆ. ಮೈ ತುಂಬೋಕೆ ಮಾಂಸಕ್ಕಿಂತ ಮೇಲಿನ ಆಹಾರ ಇಲ್ಲ ಅಂತಲೂ ಅಲ್ಲೇ ಇದೆ. ಆದ್ರೆ ತಾನಾಗಿ ಸತ್ತದ್ದು, ಬಡಕಲಾದದ್ದು, ಅತಿ ಕೊಬ್ಬಿದ್ದು, ವಿಷ ತಗುಲಿದ್ದು ಬೇಡ. ಅಂದ್ರೆ ಪ್ರಾಣಿಯ ಪೂರ್ವಾಪರ ಗೊತ್ತಿರಬೇಕು. ಸಾಸೇಜಿನಲ್ಲಿ ಗೊತ್ತಾಗದೇ ಇರೋದು ಅದೇ.

ಆಗ ಫ್ಯಾಕ್ಟರಿ ಇರಲಿಲ್ಲ, ಆದ್ರೆ ಒಣಗಿಸಿಟ್ಟ ಮಾಂಸ ಇತ್ತು. ಸಂಸ್ಕೃತದಲ್ಲಿ ವಲ್ಲೂರ, ನಮ್ಮ ಉಪ್ಪುಕಂಡದ ಅಣ್ಣ ಅನ್ನಿ. ಸೂತ್ರಸ್ಥಾನದ 5ನೇ ಅಧ್ಯಾಯ ಇದನ್ನ ಒಣಸೊಪ್ಪು, ತಾವರೆ ದಂಟಿನ ಜೊತೆ ಸೇರಿಸಿ, ಜೀರ್ಣಕ್ಕೆ ಭಾರ, ಅಭ್ಯಾಸ ಮಾಡ್ಕೋಬೇಡಿ ಅನ್ನುತ್ತೆ. ತಿನ್ನಲೇಬಾರದು ಅಂತಲ್ಲ, ದಿನದ ರೂಢಿ ಬೇಡ ಅಂತ. ಅದರ ಹಿಂದೆಯೇ ಮೀನು, ಉದ್ದು, ಮೊಸರೂ ಬರುತ್ತೆ! ದಿನಾ ಮೊಸರನ್ನ ಉಣ್ಣೋ ನಾವು ಆ ಸಾಲನ್ನ ಯಾರಿಗೂ ಫಾರ್ವರ್ಡ್ ಮಾಡಲ್ಲ. ದಿನವೂ ತಿನ್ನಬಹುದಾದ್ದರ ಪಟ್ಟಿಯಲ್ಲಿ ಅಕ್ಕಿ, ಹೆಸರು, ನೆಲ್ಲಿ, ತುಪ್ಪದ ಜೊತೆ ಜಾಂಗಲ ಮಾಂಸ, ಅಂದ್ರೆ ಒಣನಾಡಿನ ಜಿಂಕೆಯಂಥ ಪ್ರಾಣಿಗಳದ್ದು, ಸೇರಿದೆ.

ಇನ್ನು ಉಪ್ಪು. ಪ್ಯಾಕೆಟ್ ಮಾಂಸ ಕೆಡದೆ ಇರೋದರಲ್ಲಿ ಇದರದ್ದು ದೊಡ್ಡ ಪಾಲು. ಹಿಪ್ಪಲಿ, ಕ್ಷಾರ, ಉಪ್ಪು, ಈ ಮೂರನ್ನ ಅತಿ ಮಾಡಬೇಡಿ ಅನ್ನುತ್ತೆ ವಿಮಾನಸ್ಥಾನದ 1ನೇ ಅಧ್ಯಾಯ. ಬಾಹ್ಲೀಕ, ಸೌರಾಷ್ಟ್ರ, ಸಿಂಧು, ಸೌವೀರದವರು ಹಾಲಿಗೂ ಉಪ್ಪು ಹಾಕ್ಕೋತಾರೆ ಅಂತ ಉದಾಹರಣೆ ಬೇರೆ. ಫಲ ಏನು? ಸುಸ್ತು, ಬಕ್ಕತಲೆ, ನರೆ, ಸುಕ್ಕು. ಐಟಿಯವರಿಗೆ ಹೆದರೋಕೆ ಬಕ್ಕತಲೆ ಒಂದೇ ಸಾಕು.

ನಮ್ಮ ಕಡೆಯವರೂ ಕಮ್ಮಿ ಇಲ್ಲ. ಹೈದರಾಬಾದಿನಿಂದ ಪುಣೆ ಕಡೆ ಬರುವಾಗ ಹತ್ತಿರದಲ್ಲೇ ಸಿಗೋ ಬಸವಕಲ್ಯಾಣ ಅಂದಿನ ಚಾಲುಕ್ಯರ ಕಲ್ಯಾಣ. ಅಲ್ಲಿ ಆಳಿದ ಮೂರನೇ ಸೋಮೇಶ್ವರನ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಕರುಳಿನೊಳಗೆ ಮಸಾಲೆ ತುಂಬಿ ಸುಡೋ ಅಡುಗೆ ಇದೆ. ಸಾಸೇಜೇ ಅದು, ಆದ್ರೆ ತಿಂಗಳುಗಟ್ಟಲೆ ಫ್ರಿಜ್ಜಲ್ಲಿ ಇಡೋದಲ್ಲ.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿಸಿದ ಮಾಂಸವನ್ನ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದ್ರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಸುಮಾರು 18% ಏರುತ್ತೆ ಅಂತ ಅದರ ಅಂದಾಜು. ಅಲ್ಲೂ ಲೆಕ್ಕ "ದಿನಾ" ಅನ್ನೋದರ ಮೇಲೇನೇ.

ಮುಂದಿನ ವಾರ ಹಾಲು-ಮೀನಿನ ಜಗಳ, ಅಂದ್ರೆ ವಿರುದ್ಧಾಹಾರ. ಸಿಗೋಣ.