ಹಳೆ ಯೆಜ್ಡಿ ರಿಪೇರಿ: ಬಣ್ಣಕ್ಕಿಂತ ಮೊದಲು ಎಂಜಿನ್ ಬಿಚ್ಚಿಸಿ

ರತ್ನಗಿರಿ: ರೊಳ್ಳ, ಅಗಳಿ, ಅಮರಾಪುರದ ಕಡೆಯಾಗಲಿ, ಅತ್ತ ರಾಯದುರ್ಗದ ಕಡೆಯಾಗಲಿ, ಹಳೆಯ ಮನೆಗಳ ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಮರೆಗೆ ನಿಂತ ಒಂದು ಜಾವಾ ಇಲ್ಲವೆ ಯೆಜ್ಡಿ ಇನ್ನೂ ಸಿಗುತ್ತದೆ. ತೆಲುಗಿನಲ್ಲಿ ಅದನ್ನು ಬಂಡಿ ಎನ್ನಿ, ಕನ್ನಡದಲ್ಲಿ ಗಾಡಿ ಎನ್ನಿ, ಮನೆಯವರಿಗೆ ಅದು 'ಅಪ್ಪನ ಗಾಡಿ'. ಈಗ ಮಕ್ಕಳಿಗೆ ಅದನ್ನು ಮತ್ತೆ ಓಡಿಸುವ ಆಸೆ ಹುಟ್ಟಿದೆ. ಆಸೆ ಒಳ್ಳೆಯದೇ. ಆದರೆ ಬಹಳಷ್ಟು ಮಂದಿ ಮೊದಲು ಹೋಗುವುದು ಪೇಂಟಿಂಗ್ ಅಂಗಡಿಗೆ, ಆಮೇಲೆ ಕ್ರೋಮ್ ಹಾಕಿಸುವವರ ಬಳಿಗೆ. ಮಿರಮಿರ ಮಿಂಚುವ ಗಾಡಿ ಸಿರಾ ಮುಟ್ಟುವುದರೊಳಗೆ ಸೀಜ್ ಆಗಿ ನಿಂತರೆ ಆ ದುಡ್ಡೆಲ್ಲ ನೀರಿಗೆ ಹಾಕಿದಂತೆ!

ಈ ಗಾಡಿ ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಐಡಿಯಲ್ ಜಾವಾ ಕಂಪನಿ 1960ರಲ್ಲಿ ಆರಂಭವಾಯಿತು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಜಾವಾ 250 ಹೊರಬಂತು. 1973ರಿಂದ ಅದೇ ವಂಶದ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. ಕಡಿಮೆ ಪೆಟ್ರೋಲು ಕುಡಿಯುವ 100 ಸಿಸಿ ಗಾಡಿಗಳ ಮುಂದೆ ನಿಲ್ಲಲಾಗದೆ 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ತಂದ ಹೊಸ ಗಾಡಿಗಳೆಲ್ಲ ಫೋರ್ ಸ್ಟ್ರೋಕ್. ಹೊಸದರ ಎಂಜಿನ್ ಸಾಮಾನು ಹಳೆಯದಕ್ಕೆ ಬರುವುದಿಲ್ಲ. ಶೋರೂಮಿಗೆ ಹೋಗಿ ಕೇಳಿ ಬೇಸರಪಟ್ಟುಕೊಳ್ಳಬೇಡಿ.

ಎರಡು ಸೀಲು

ಹಳೆಯದು ಟೂ ಸ್ಟ್ರೋಕ್ ಎಂಜಿನ್. ಇದರಲ್ಲಿ ಪೆಟ್ರೋಲು ಮತ್ತು ಗಾಳಿ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಗೆ ಹೋಗಿ, ಅಲ್ಲಿಂದ ಮೇಲೆ ಬರುತ್ತವೆ. ಆದ್ದರಿಂದ ಆ ಕೋಣೆ ಗಾಳಿ ಸೋರದಂತೆ ಬಿಗಿಯಾಗಿರಬೇಕು. ಅದನ್ನು ಕಾಯುವುದು ಕ್ರ್ಯಾಂಕಿನ ಎರಡೂ ತುದಿಯಲ್ಲಿರುವ ರಬ್ಬರಿನ ಆಯಿಲ್ ಸೀಲುಗಳು. 25-30 ವರ್ಷ ನಿಂತ ಗಾಡಿಯಲ್ಲಿ ಈ ರಬ್ಬರು ಒಣಗಿ ಕಲ್ಲಾಗಿರುತ್ತದೆ. ಯೆಜ್ಡಿಯ ಅರ್ಧ ಕಾಯಿಲೆಗೆ ಮೂಲ ಇಲ್ಲಿದೆ ಎಂದರೆ ತಪ್ಪಾಗದು.

ಎಡಗಡೆಯ ಸೀಲಿನ ಆಚೆ ಇರುವುದು ಪ್ರೈಮರಿ ಚೈನ್, ಕ್ಲಚ್ ಮತ್ತು ಗೇರ್ ಎಣ್ಣೆ. ಆ ಸೀಲು ಹೋದರೆ ಎಂಜಿನ್ನು ಗೇರ್ ಎಣ್ಣೆಯನ್ನೇ ಹೀರಿ ಸುಡುತ್ತದೆ. ಬಿಳಿ ಹೊಗೆ ನಿಲ್ಲುವುದಿಲ್ಲ, ಪ್ಲಗ್ ಒದ್ದೆಯಾಗುತ್ತದೆ, ಗೇರ್ ಬಾಕ್ಸಿನ ಎಣ್ಣೆ ಸೋರಿಕೆಯಿಲ್ಲದೆ ಕಡಿಮೆಯಾಗುತ್ತದೆ. ಇದು ಕಣ್ಣಿಗೆ ಕಾಣುವ ಕಾಯಿಲೆ, ಹಾಗಾಗಿ ಯಾರಾದರೂ ಹಿಡಿಯುತ್ತಾರೆ.

ಬಲಗಡೆ ಡೈನಮೋ ಇರುವ ಬದಿಯ ಸೀಲು ಹಾಗಲ್ಲ. ಅದು ಹೋದರೆ ಹೊರಗಿನ ಒಣ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲಿನ ಪ್ರಮಾಣ ಕಡಿಮೆಯಾಗಿ ಎಂಜಿನ್ ಕಾಯುತ್ತದೆ. ಪೆಟ್ರೋಲಿನ ಜತೆಗೇ ಎಣ್ಣೆಯೂ ಬರಬೇಕಾದ್ದರಿಂದ ಎಣ್ಣೆಯೂ ಸಾಲದು. ಹೊಗೆ ಕಡಿಮೆ, ಸದ್ದು ಚುರುಕು, ಮಾಲೀಕನಿಗೆ ಖುಷಿ! ಒಂದು ದಿನ ಬಿಸಿಲಲ್ಲಿ ಪಿಸ್ಟನ್ ಉಬ್ಬಿ ಬೋರಿಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ಕು 'ಎಣ್ಣೆ ಕಡಿಮೆ ಹಾಕಿದ್ದೀರಿ' ಎಂದು ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್ ಹಾಕುತ್ತಾನೆ. ಸೀಲು ಹಾಗೇ ಉಳಿಯುತ್ತದೆ. ಮತ್ತೆ ಸೀಜ್.

ಇದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಡ. ಕಾರ್ಬುರೇಟರ್ ಕೂರುವ ಬಾಯಿ ಮತ್ತು ಸೈಲೆನ್ಸರಿನ ಎರಡೂ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಪ್ಲಗ್ ತೂತಿನಿಂದ ಕೈಪಂಪಿನಲ್ಲಿ ಸುಮಾರು 6 ಪಿಎಸ್‌ಐ ಗಾಳಿ ತುಂಬಿ. ಪಿಸ್ಟನ್ ಕೆಳಗಿನ ತುದಿಯಲ್ಲಿರಲಿ. ಕೆಲವು ನಿಮಿಷ ಒತ್ತಡ ನಿಲ್ಲಬೇಕು. ಇಳಿದರೆ ಸಾಬೂನು ನೀರು ಬಳಿಯಿರಿ, ಗುಳ್ಳೆ ಬಂದಲ್ಲಿ ತೂತು. ಪಂಕ್ಚರ್ ನೋಡುವ ವಿದ್ಯೆಯೇ ಇದು. 10ಕ್ಕಿಂತ ಹೆಚ್ಚು ತುಂಬಬೇಡಿ, ಒಳ್ಳೆಯ ಸೀಲೂ ಹೊರಗೆ ಬಂದೀತು. ಬಿಚ್ಚಿದ ಮೇಲೆ ಎರಡೂ ಸೀಲನ್ನು ಒಟ್ಟಿಗೆ ಬದಲಿಸಿ. ಪಿಸ್ಟನ್ ಬೆಲೆಯ ಮುಂದೆ ಸೀಲಿನ ಬೆಲೆ ಏನೇನೂ ಅಲ್ಲ.

ಎಂಜಿನ್ ತೆರೆದಾಗಲೇ ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಅಕ್ಕಪಕ್ಕ ಸ್ವಲ್ಪ ಆಡಬಹುದು, ಮೇಲೆ ಕೆಳಗೆ ಆಡಲೇಬಾರದು. ಆಡಿದರೆ ಬಿಗ್ ಎಂಡ್ ಬೇರಿಂಗ್ ಹೋಗಿದೆ. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ ಕೂಡಿಸಿದ ಮೇಲೆ ಡಯಲ್ ಗೇಜ್ ಇಟ್ಟು ನೇರ ಮಾಡುವವರ ಬಳಿಯೇ ಕೊಡಿ. ಸುತ್ತಿಗೆಯಿಂದ ಸರಿ ಮಾಡುತ್ತೇನೆ ಎನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ. ಬೋರಿಂಗ್ ಮಾಡಿಸುವಾಗ ಇದು ಟೂ ಸ್ಟ್ರೋಕ್ ಎಂದು ಲೇತಿನವರಿಗೆ ಬಿಡಿಸಿ ಹೇಳಿ. ಫೋರ್ ಸ್ಟ್ರೋಕ್ ಲೆಕ್ಕದಲ್ಲಿ ಬಿಗಿಯಾಗಿ ಕೊಟ್ಟರೆ ಮೊದಲ ಬಿಸಿಗೇ ಕಚ್ಚುತ್ತದೆ.

ಎಣ್ಣೆ, ಪೆಟ್ರೋಲು

ಈಗಿನ ಹುಡುಗರು ಕಲಿತದ್ದು ಫೋರ್ ಸ್ಟ್ರೋಕ್. ಕೆಳಗೆ ಎಣ್ಣೆ ಇದ್ದರೆ ಎಂಜಿನ್ನಿಗೂ ಸಿಗುತ್ತದೆ ಎಂಬ ಭಾವನೆ. ಯೆಜ್ಡಿಯಲ್ಲಿ ಆ ಎಣ್ಣೆ ಗೇರು, ಕ್ಲಚ್ಚಿಗೆ ಮಾತ್ರ. ಪಿಸ್ಟನ್ನಿಗೂ ಕ್ರ್ಯಾಂಕಿಗೂ ಟ್ಯಾಂಕಿನಲ್ಲಿ ಬೆರೆಸಿದ ಟೂಟಿ ಎಣ್ಣೆಯೇ ಗತಿ. ಹಳೆಯ ಲೆಕ್ಕ 25ಕ್ಕೆ 1, ಅಂದರೆ ಲೀಟರಿಗೆ 40 ಎಂ.ಎಲ್. ಹೊಸ ಪಿಸ್ಟನ್ ಹಾಕಿದ್ದರೆ ಮೊದಲು 50 ಇರಲಿ. ಉದ್ದದ ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ಆಕ್ಸಲರೇಟರ್ ಪೂರ್ತಿ ಮುಚ್ಚಿ ಇಳಿಯುವುದೂ ಅಪಾಯ. ಪೆಟ್ರೋಲು ಹೋಗದಿದ್ದರೆ ಎಣ್ಣೆಯೂ ಹೋಗದು. ನಡುನಡುವೆ ಒಂದಿಷ್ಟು ತಿರುವಿ ಕೊಡಿ.

ಹಿಂದೆ ಇಲ್ಲದ ಒಂದು ಹೊಸ ತೊಂದರೆ ಈಗ ಸೇರಿದೆ. ದೇಶದಲ್ಲಿ 2025ರ ವೇಳೆಗೆ ಬಂಕಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಬಂದಿದೆ. ಅದು ಹಳೆಯ ರಬ್ಬರ್ ಪೈಪು, ವಾಷರು, ಪೆಟ್ರೋಲ್ ಕಾಕಿನ ಕಾರ್ಕನ್ನು ಕೆಡಿಸುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಎಥನಾಲ್ ಇದ್ದಷ್ಟೂ ಎಂಜಿನ್ನಿಗೆ ಪೆಟ್ರೋಲಿನ ಪ್ರಮಾಣ ಸ್ವಲ್ಪ ಹೆಚ್ಚು ಬೇಕು. ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಬಿಸಿ ಏರುತ್ತದೆ. ಪ್ಲಗ್ ಬಿಚ್ಚಿ ನೋಡಿ: ಕಾಫಿ ಬಣ್ಣ ಇದ್ದರೆ ಸರಿ, ಸುಣ್ಣದ ಬಿಳುಪಿದ್ದರೆ ಒಂದು ಸೈಜ್ ದೊಡ್ಡ ಮೈನ್ ಜೆಟ್ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ.

ಸೈಲೆನ್ಸರಿನ ವಿಷಯ ಹೇಳಲೇಬೇಕು. ಒಳಗಿನ ಕೊಳವೆಯಲ್ಲಿ ಇಂಗಾಲ ಕಟ್ಟಿದರೆ ಗಾಡಿ ಎಳೆಯದು. ಕೊಳವೆ ತೆಗೆದು ಸುಟ್ಟು ಕೆರೆದು ಮತ್ತೆ ಹಾಕಬೇಕು. ಸದ್ದಿಗಾಗಿ ಅದನ್ನು ಕತ್ತರಿಸಿ ಎಸೆಯುವ ಚಾಳಿ ಇದೆ. ಟೂ ಸ್ಟ್ರೋಕಿಗೆ ಸೈಲೆನ್ಸರು ಎಂಜಿನ್ನಿನದೇ ಭಾಗ, ಎಸೆದರೆ ಶಕ್ತಿ ಹೋಗುತ್ತದೆ, ಊರಿನವರ ಬೈಗುಳ ಉಳಿಯುತ್ತದೆ.

ಕರೆಂಟಿನ ಕೆಲಸ ಸುಲಭ. ಹಳೆಯ ಜಾವಾದ್ದು 6 ವೋಲ್ಟ್ ಡೈನಮೋ, ಬ್ಯಾಟರಿ ಸತ್ತರೆ ಕಿಡಿಯೂ ಇಲ್ಲ. ಪಾಯಿಂಟ್ ಗ್ಯಾಪ್ 0.4 ಮಿ.ಮೀ., ಪಿಸ್ಟನ್ ಮೇಲ್ತುದಿಗೆ 3 ಮಿ.ಮೀ.ಗೆ ತುಸು ಮೊದಲು ಕಿಡಿ ಹತ್ತುವಂತಿದ್ದರೆ ಸಾಕು. ತೀರಾ ಮೊದಲೇ ಹತ್ತಿದರೆ ಪಿಸ್ಟನ್ನಿಗೆ ತೂತು.

ಕಾಗದ ಪತ್ರ

ಗಡಿಯವರಿಗೆ ಎಂಜಿನ್ನಿಗಿಂತ ದೊಡ್ಡ ತಲೆನೋವು ಇದು. ಸಿರಾದಲ್ಲೋ ಬಳ್ಳಾರಿಯಲ್ಲೋ ಕೊಂಡ ಕೆಎ 06, ಕೆಎ 34 ಗಾಡಿ ಮಡಕಶಿರಾ, ರಾಯದುರ್ಗದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಆಂಧ್ರದಲ್ಲಿ ಮರುನೋಂದಣಿ ಆಗಬೇಕು. ಅದಕ್ಕೆ ಮೂಲ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ ಬೇಕು, ಅದರ ಅರ್ಜಿ ಫಾರಂ 28. ಮಾಲೀಕತ್ವ ಬದಲಾವಣೆಗೆ 29 ಮತ್ತು 30. ಮಾರುವವರು ಇವುಗಳಿಗೆ ಸಹಿ ಹಾಕುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. 2022ರ ಏಪ್ರಿಲಿನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಅರ್ಜಿಯಲ್ಲಿ ಜಿಲ್ಲೆಯ ಹೆಸರು ನೋಡಿ ಬರೆಯಿರಿ.

15 ವರ್ಷ ದಾಟಿದ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಂತೆ 'ವಿಂಟೇಜ್' ನೋಂದಣಿಯೂ ಉಂಟು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಸಂತೆಗೆ ಹೋಗುವವರಿಗೆ ಅದು ಹೇಳಿದ್ದಲ್ಲ. ಇನ್ನೊಂದು: ಎಂಜಿನ್ ನಂಬರು ಇರುವುದು ಕ್ರ್ಯಾಂಕ್‌ಕೇಸಿನ ಮೇಲೆ. ಒಡೆದಿದೆಯೆಂದು ಗುಜರಿಯ ಕೇಸು ಹಾಕಿದರೆ ನಂಬರು ಆರ್‌ಸಿಗೆ ತಾಳೆಯಾಗದು. ಆದಷ್ಟೂ ನಿಮ್ಮದನ್ನೇ ವೆಲ್ಡ್ ಮಾಡಿಸಿ ಉಳಿಸಿಕೊಳ್ಳಿ, ನಂಬರಿನ ಮೇಲೆ ಗ್ರೈಂಡರ್ ಆಡಿಸಲು ಬಿಡಬೇಡಿ.