ಗೂಡಿನ ರೇಟು ಮತ್ತು ನಾನು ಎಳೆದ ತಪ್ಪು ಗೆರೆ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸು, ಡೆಡ್‌ಲೈನು ಎಂಬ ನೆಪಗಳು ಇದ್ದೇ ಇವೆ. ಇವತ್ತು ಬರೆಯಲು ಕೂತಿದ್ದಕ್ಕೆ ಕಾರಣ, ನನ್ನಿಂದ ಅಪ್ಪನಿಗಾದ ಒಂದು ನಷ್ಟ. ಅದರ ಹಿಂದೆ ಇನ್ನೂರು ವರ್ಷದ ಕಥೆಯಿದೆ ಅಂತ ಆಮೇಲೆ ಗೊತ್ತಾಯಿತು.

ನಮ್ಮದು ಕನಕಪುರದ ಕಡೆಯ ಹಳ್ಳಿ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಚಂದ್ರಿಕೆಯಿಂದ ಗೂಡು ಬಿಡಿಸಿದರೆ ಸೀದಾ ರಾಮನಗರದ ಮಾರುಕಟ್ಟೆಗೆ. ಚನ್ನಪಟ್ಟಣ, ಮಾಗಡಿ ಕಡೆಯವರೂ ಬರುತ್ತಾರೆ. ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಅಂತ ಅದಕ್ಕೆ ಹೆಸರು. (2007ರಲ್ಲಿ ಈ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆ ಆಯಿತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆಯಿತು. ಅಪ್ಪನಿಗೆ ಮಾತ್ರ ಅದು ಆಗಲೂ ಈಗಲೂ ಬರೀ "ಮಾರ್ಕೆಟ್ಟು" :-) )

ಇಂಜಿನಿಯರಿಂಗ್ ಓದಿದ ಮಗ ಸುಮ್ಮನಿರುತ್ತಾನೆಯೇ? ದಿನದಿನದ ಗೂಡಿನ ಸರಾಸರಿ ದರ, ಮಾರುಕಟ್ಟೆಗೆ ಬಂದ ಗೂಡಿನ ತೂಕ, ಕಚ್ಚಾ ರೇಷ್ಮೆ ನೂಲಿನ ದರ, ಎಲ್ಲವನ್ನೂ ಎಕ್ಸೆಲ್‌ಗೆ ತುಂಬಿದೆ. ಬಂದ ಗೂಡು ಅಡ್ಡಕ್ಕೆ, ದರ ಮೇಲಕ್ಕೆ ಇಟ್ಟು ಚುಕ್ಕಿ ಗ್ರಾಫ್ ಹಾಕಿ, 'ಟ್ರೆಂಡ್‌ಲೈನ್' ಒತ್ತಿದೆ. ಗೆರೆ ಮೇಲಕ್ಕೆ ಏರಿತು! ಅಂದರೆ ಗೂಡು ಜಾಸ್ತಿ ಬಂದ ದಿನ ರೇಟೂ ಜಾಸ್ತಿ. ಅಪ್ಪನಿಗೆ ಫೋನ್ ಮಾಡಿ, "ಎರಡು ದಿನ ತಡೀರಿ, ಗೂಡು ಜಾಸ್ತಿ ಬರೋ ದಿನ ಹೋಗೋಣ" ಅಂದೆ. ಓದಿದ ಮಗನ ಮಾತು ಅಂತ ತಡೆದರು.

ಗೂಡಿನ ಒಳಗಿರೋದು ಜೀವ. ದಿನ ಕಳೆದಂತೆ ಅದರ ತೂಕ ಇಳಿಯುತ್ತದೆ, ಇನ್ನೂ ಬಿಟ್ಟರೆ ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಅಷ್ಟು ದೂರ ಹೋಗಲಿಲ್ಲ, ಆದರೆ ಎರಡು ದಿನದಲ್ಲಿ ತೂಕವೂ ಇಳಿದಿತ್ತು, ರೇಟೂ ಇಳಿದಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು...

ತಪ್ಪು ಎಲ್ಲಿ ಅಂತ ಹುಡುಕಲು ಹೊರಟವನು ಇತಿಹಾಸದೊಳಗೆ ಬಿದ್ದೆ.

ಚುಕ್ಕಿಗಳ ನಡುವೆ ಗೆರೆ ಎಳೆಯುವ 'ಕನಿಷ್ಠ ವರ್ಗ'ದ ವಿಧಾನವನ್ನು ಮೊದಲು ಅಚ್ಚು ಹಾಕಿಸಿದ್ದು ಫ್ರಾನ್ಸಿನ ಲೆಜೆಂಡ್ರ್, 1805ರಲ್ಲಿ, ಧೂಮಕೇತುಗಳ ದಾರಿ ಲೆಕ್ಕ ಹಾಕಲು. 1809ರಲ್ಲಿ ಗೌಸ್, "ಇದನ್ನು ನಾನು 1795ರಿಂದಲೇ ಬಳಸುತ್ತಿದ್ದೇನೆ" ಅಂದು ಜಗಳ ಹಚ್ಚಿದ. 'ರಿಗ್ರೆಶನ್' ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಗಾಲ್ಟನ್ 1886ರಲ್ಲಿ ಅಪ್ಪ-ಅಮ್ಮ ಮತ್ತು ಮಕ್ಕಳ ಎತ್ತರ ಹೋಲಿಸಿದಾಗ.

ನನ್ನ ಕಥೆಗೆ ಹತ್ತಿರದವನು ಉಡ್ನಿ ಯೂಲ್. 1899ರಲ್ಲಿ ಇಂಗ್ಲೆಂಡಿನ ಬಡತನದ ಬಗ್ಗೆ ಬರೆದ ಪ್ರಬಂಧದಲ್ಲಿ, ಸರ್ಕಾರದ ನೆರವಿನ ರೀತಿ, ಮುದುಕರ ಪ್ರಮಾಣ, ಜನಸಂಖ್ಯೆ, ಮೂರನ್ನೂ ಒಂದೇ ಸಮೀಕರಣಕ್ಕೆ ತಂದ. ಜೊತೆಗೆ ಒಂದು ಅಡಿಟಿಪ್ಪಣಿ: ಇದರಿಂದ ಅದು ಆಯಿತು ಅಂತ ನಾನು ಬರೆದಲ್ಲೆಲ್ಲ, ಎರಡೂ ಜೊತೆಗೆ ಕಂಡವು ಅಂತಷ್ಟೇ ಓದಿಕೊಳ್ಳಿ. ನನ್ನ ಫೋನ್ ಕರೆಗೂ ಇಂಥದ್ದೊಂದು ಅಡಿಟಿಪ್ಪಣಿ ಬೇಕಿತ್ತು.

ನೂಲಿನ ದರ ಏರಿದರೆ ರೀಲರುಗಳು ಗೂಡಿಗೆ ಹೆಚ್ಚು ಕೊಡುತ್ತಾರೆ. ಒಳ್ಳೆ ರೇಟು ಕಂಡ ರೈತರು ಮುಂದಿನ ಬೆಳೆಗೆ ಹೆಚ್ಚು ಮೊಟ್ಟೆ ತರುತ್ತಾರೆ. ಹೀಗೆ ಗೂಡೂ ದರವೂ ಒಟ್ಟಿಗೆ ಏರಿದ್ದವು, ಎರಡನ್ನೂ ಎತ್ತಿದ್ದು ನೂಲು. ಟ್ರೆಂಡ್‌ಲೈನ್‌ಗೆ ನೂಲು ಕಾಣುವುದಿಲ್ಲ, ಅದು ಒಂದೇ ಕಾರಣವನ್ನು ನೋಡುವ ಒಕ್ಕಣ್ಣು.

ಎಲ್ಲ ಕಾರಣ ಸೇರಿಸಲು ಎಕ್ಸೆಲ್‌ನಲ್ಲಿ 'ಲೈನೆಸ್ಟ್' ಎಂಬ ಸೂತ್ರವಿದೆ. (ಎಚ್ಚರ: ಗುಣಾಂಕಗಳನ್ನು ಅದು ಕಾಲಂಗಳ ಕ್ರಮಕ್ಕೆ ಉಲ್ಟಾ ಕೊಡುತ್ತದೆ!) ಒಮ್ಮೆ ಗೂಡಿನ ತೂಕವನ್ನು ಕೆಜಿಯಲ್ಲೂ ಟನ್‌ನಲ್ಲೂ ಎರಡು ಕಾಲಂ ಮಾಡಿ ಹಾಕಿಬಿಟ್ಟಿದ್ದೆ, ಒಂದರ ಗುಣಾಂಕ ಸೊನ್ನೆ ಬಂತು. ಒಂದೇ ವಿಷಯ ಎರಡು ಸಲ ಹೇಳಿದರೆ ಉತ್ತರ ಒಂದೇ ಅಂತ ಇರುವುದಿಲ್ಲ. ಇಂಥ ಸಮೀಕರಣಗಳಿಗೆ 1955ರಲ್ಲಿ 'ಹುಸಿ ವಿಲೋಮ'ದ ದಾರಿ ಹಾಕಿದವರಲ್ಲಿ ಒಬ್ಬರು ಸಿ.ಆರ್. ರಾವ್. ಅವರು ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ!

ಸಮೀಕರಣ ಬಂತು, ಗ್ರಾಫ್ ಹೇಗೆ? ಒಂದು ಕಾರಣವಿದ್ದರೆ ಗೆರೆ. ಎರಡಿದ್ದರೆ ಹಾಸು ಹಲಗೆಯಂಥ ಸಮತಲ, ಅದನ್ನು 'ಸರ್ಫೇಸ್' ಚಾರ್ಟಿನಲ್ಲಿ ಹೇಗೋ ತೋರಿಸಬಹುದು. ಮೂರಾದರೆ ಕಾಗದದಲ್ಲಿ ಜಾಗವೇ ಇಲ್ಲ. ಇದಕ್ಕೆ ದಾರಿ ಸಿಕ್ಕಿದ್ದು ಫ್ರಿಶ್ ಮತ್ತು ವಾ ಎಂಬಿಬ್ಬರ 1933ರ ಪ್ರಬಂಧದಲ್ಲಿ. ಅವರು ತೆಗೆದು ನೋಡಿದ್ದು ಕಾಲದ ಓಟವನ್ನು. 1963ರಲ್ಲಿ ಲೊವೆಲ್ ಅದನ್ನೇ ಋತುಮಾನದ ಏರಿಳಿತಕ್ಕೂ ಹಿಗ್ಗಿಸಿದ. ನಮ್ಮ ಲೆಕ್ಕಕ್ಕೆ ಹೇಳುವುದಾದರೆ:

1. ದರವನ್ನು ನೂಲು ಮತ್ತು ಉಳಿದ ಕಾರಣಗಳಿಂದ (ಬಂದ ಗೂಡು ಬಿಟ್ಟು) ಅಂದಾಜು ಮಾಡಿ. ನಿಜವಾದ ದರದಿಂದ ಅಂದಾಜು ಕಳೆಯಿರಿ. ಇದು ಮೊದಲ ಉಳಿಕೆ.
2. ಬಂದ ಗೂಡನ್ನೂ ಅವೇ ಕಾರಣಗಳಿಂದ ಅಂದಾಜು ಮಾಡಿ ಕಳೆಯಿರಿ. ಇದು ಎರಡನೆಯ ಉಳಿಕೆ.
3. ಎರಡು ಉಳಿಕೆಗಳನ್ನು ಚುಕ್ಕಿ ಗ್ರಾಫ್ ಮಾಡಿ, ಈಗ ಟ್ರೆಂಡ್‌ಲೈನ್ ಎಳೆಯಿರಿ.

ಈ ಗೆರೆಯ ಇಳಿಜಾರು, ಪೂರ್ತಿ ಸಮೀಕರಣದಲ್ಲಿ ಬಂದ ಗೂಡಿಗೆ ಸಿಕ್ಕ ಗುಣಾಂಕವೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಪ್ರತಿ ಕಾರಣಕ್ಕೂ ಇಂಥದ್ದೊಂದು ಗ್ರಾಫ್. ಎಲ್ಲವನ್ನೂ ಒಂದೇ ಚಿತ್ರದಲ್ಲಿ ತುರುಕುವ ಹಟ ಬಿಟ್ಟರೆ ಆಯಿತು.

ನನ್ನ ಗೆರೆ ಈ ಸಲ ಕೆಳಕ್ಕೆ ಇಳಿಯಿತು. ನೂಲಿನ ದರ ಇದ್ದಂತೆಯೇ ಇದ್ದು ಗೂಡು ಜಾಸ್ತಿ ಬಂದ ದಿನ, ರೇಟು ಕಮ್ಮಿ. ಅವೇ ಅಂಕಿಗಳು, ಅದೇ ಎಕ್ಸೆಲ್.

ಯುಗಾದಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಶ್ರದ್ಧೆಯಿಂದ ನೋಡಿದರು.

"ಅಲ್ಲ ಕಣೋ ಮಗ, ಜಾಸ್ತಿ ಗೂಡು ಬಂದ್ರೆ ರೇಟು ಬೀಳುತ್ತೆ ಅನ್ನೋಕೆ ಇಷ್ಟೆಲ್ಲ ಬೇಕಿತ್ತಾ?"

"ಮತ್ತೆ ಅವತ್ತು ಯಾಕಪ್ಪ ನನ್ನ ಮಾತು ಕೇಳಿದ್ರಿ?"

"ನೀನು ಗ್ರಾಫ್ ಐತೆ ಅಂದ್ಯಲ್ಲ" ಅಂದು, ಹುಳಕ್ಕೆ ಸೊಪ್ಪು ಹಾಕಲು ಎದ್ದರು.

ಆ ಮಾತು ಇನ್ನೂ ಚುಚ್ಚುತ್ತಿದೆ. ನಲವತ್ತು ವರ್ಷದ ಅನುಭವವನ್ನು ಅವರು ಪಕ್ಕಕ್ಕಿಟ್ಟಿದ್ದು ನಾನು ಎಳೆದ ಒಂದು ಗೆರೆಗಾಗಿ. ಈಗ ಯಾವ ಗ್ರಾಫ್ ಕಳಿಸುವ ಮೊದಲೂ ಅಪ್ಪನನ್ನು ಒಂದು ಮಾತು ಕೇಳುತ್ತೇನೆ: "ಇದರಲ್ಲಿ ಏನು ಬಿಟ್ಟಿದ್ದೀನಿ ಹೇಳಿ?" ಏನಾದರೂ ಒಂದು ಸಿಕ್ಕೇ ಸಿಗುತ್ತದೆ.